ಮೂರು ಎಂದು ಓದಿದ ಅಕ್ಷರ

ನನ್ನ ಅತ್ತೆಯವರ ಬಳಿ ಹಳೆಯ ಜರ್ಮನ್ ಬೈಬಲ್ ಒಂದಿದೆ. ಅದರ ಕೊನೆಯ ಖಾಲಿ ಹಾಳೆಯಲ್ಲಿ ಅವರ ಮುತ್ತಜ್ಜ ತಾವು ಹುಟ್ಟಿದ ವರ್ಷವನ್ನೂ ಊರನ್ನೂ ಬರೆದಿಟ್ಟಿದ್ದಾರೆ. ವರ್ಷ 1838 ಎಂಬುದು ಸ್ಪಷ್ಟವಾಗಿದೆ. ಊರಿನ ಹೆಸರನ್ನು ಮಾತ್ರ ಮನೆಯವರು ಎರಡು ತಲೆಮಾರಿನಿಂದ ‘3 ಇರ್ಕ್‌ವಿಟ್ಸ್’ ಎಂದೇ ಓದುತ್ತಾ ಬಂದಿದ್ದರು. ಮೂರು ಎಂಬುದು ಮನೆಯ ನಂಬರಿರಬೇಕು ಎಂದುಕೊಂಡು ಅತ್ತೆಯವರ ತಂದೆ ಇರ್ಕ್‌ವಿಟ್ಸ್‌ಗಾಗಿ ನಕ್ಷೆಗಳನ್ನೆಲ್ಲ ಹುಡುಕಿದ್ದರಂತೆ. ಅದು ಸಿಗದೆಯೇ ಅವರು ತೀರಿಕೊಂಡರು.

ಮದುವೆಯಾಗಿ ಸಾಗರದಿಂದ ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದ ನಾನು ಆ ಹಾಳೆಯನ್ನು ಕೈಗೆತ್ತಿಕೊಂಡದ್ದು ಮಗಳು ಹುಟ್ಟಿದ ಮೇಲೆ. ನನ್ನ ಕಡೆಯಿಂದ ಅವಳಿಗೆ ಹೇಳಲು ಮೂಲದ ಊರಿತ್ತು, ಮನೆದೇವರಿತ್ತು, ಅಜ್ಜ ನೆಟ್ಟ ಅಡಿಕೆ ತೋಟವಿತ್ತು. ಅವಳ ತಂದೆಯ ಕಡೆಯಿಂದ ಇದ್ದದ್ದು ‘ಜರ್ಮನಿ’ ಎಂಬ ಒಂದೇ ಮಾತು. ನನಗೆ ಅದು ಸಾಲಲಿಲ್ಲ.

ಮೊದಲು ನಾನು ಸರಿಯಾದ ಹೆಸರು ಯಾವುದು ಎಂದು ಹುಡುಕುವುದನ್ನೇ ಬಿಟ್ಟೆ. ತಪ್ಪು ಹೆಸರುಗಳನ್ನು ಒಟ್ಟು ಮಾಡತೊಡಗಿದೆ. 1911ರ ಮರಣ ದಾಖಲೆಯಲ್ಲಿ ಊರು ಸಿ ಅಕ್ಷರದಿಂದ ಶುರುವಾಗಿತ್ತು. ಇಂಗ್ಲಿಷ್ ಪತ್ರಿಕೆಯ ನಿಧನ ವಾರ್ತೆಯಲ್ಲಿ ಎಸ್‌ನಿಂದ ಶುರುವಾಗಿ ನಡುವೆ ಕ್ಯೂ ಬಂದಿತ್ತು. ಇವನ್ನು ಕಾಗುಣಿತ ದೋಷವೆಂದು ಪಕ್ಕಕ್ಕೆ ಸರಿಸುವವರೇ ಹೆಚ್ಚು. ಹಾಗೆ ಸರಿಸಬಾರದು. ಒಂದೊಂದು ತಪ್ಪಿನ ಹಿಂದೆಯೂ ಒಬ್ಬರು ಆಡಿದ್ದಾರೆ, ಇನ್ನೊಬ್ಬರು ಕೇಳಿ ಬರೆದಿದ್ದಾರೆ. ಮರಣ ದಾಖಲೆಗೆ ಮಾಹಿತಿ ಕೊಟ್ಟವರು ಮಗ. ಅವರು ಹುಟ್ಟಿದ್ದು ವಿಸ್ಕಾನ್ಸಿನ್‌ನಲ್ಲಿ. ತಂದೆಯ ಊರನ್ನು ಅವರು ಕಿವಿಯಿಂದ ಬಲ್ಲವರೇ ಹೊರತು ಕಣ್ಣಿನಿಂದಲ್ಲ. ಬರೆದುಕೊಂಡ ಗುಮಾಸ್ತನಿಗೆ ಜರ್ಮನ್ ಬಾರದು. ಮಡಿಕೇರಿ ಮರ್ಕಾರಾ ಆದದ್ದು, ಶ್ರೀರಂಗಪಟ್ಟಣ ಸೆರಿಂಗಪಟಂ ಆದದ್ದು ಇಂಥದೇ ಕಿವಿಯಿಂದ ಅಲ್ಲವೇ? ಆ ಎರಡು ರೂಪಗಳನ್ನು ಕೈಗೆ ಕೊಟ್ಟರೆ ಮೂಲದ ಊರನ್ನು ನಾವು ಗುರುತಿಸಬಲ್ಲೆವು.

ಆದ್ದರಿಂದ ಪ್ರತಿಯೊಂದು ರೂಪವನ್ನೂ ಕನ್ನಡದಲ್ಲಿ ಬರೆದುಕೊಂಡೆ. ಇದು ನನಗೆ ತುಂಬ ನೆರವಾದ ಕೆಲಸ. ಇಂಗ್ಲಿಷ್‌ನಲ್ಲಿ ಬರೆದರೆ ಕಣ್ಣು ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಕನ್ನಡದಲ್ಲಿ ಬರೆದಾಗ ಉಳಿಯುವುದು ಉಚ್ಚಾರ. ಸಿ, ಎಸ್ ಎರಡೂ ‘ಸಿರ್ಕ್‌ವಿಟ್ಸ್’ ಎಂಬ ಒಂದೇ ಸದ್ದಿಗೆ ಬಂದು ನಿಂತವು. ಇಂಗ್ಲಿಷ್ ಕಿವಿ ಪದದ ಮೊದಲಲ್ಲಿ ‘ಸ’ ಎಂದು ಕೇಳಿಸಿಕೊಳ್ಳಬಹುದಾದ ಜರ್ಮನ್ ಧ್ವನಿಗಳಲ್ಲಿ ‘ತ್ಸ’ ಒಂದು. ಜರ್ಮನ್ನರು ಅದಕ್ಕೆ ಬಳಸುವ ಅಕ್ಷರ ಝೆಡ್.

ಬೈಬಲ್ಲಿನ ಹಾಳೆ ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದಲ್ಲಿತ್ತು. ಮೂರು ತಿಂಗಳು ದಿನವೂ ರಾತ್ರಿ ಅರ್ಧ ಗಂಟೆ ಅದನ್ನು ಬರೆದು ಕಲಿತೆ. ಓದಿ ಕಲಿಯುವುದಕ್ಕಿಂತ ಬರೆದು ಕಲಿಯುವುದೇ ಮೇಲು ಎಂಬುದು ನನ್ನ ಅನುಭವ, ಏಕೆಂದರೆ ಕೈ ಯಾವ ಕಡೆ ತಿರುಗುತ್ತದೆ ಎಂಬುದು ಗೊತ್ತಾದರೆ ಮಾಸಿದ ಅಕ್ಷರದಲ್ಲೂ ಜಾಡು ಸಿಗುತ್ತದೆ. ಅದರಲ್ಲಿ ಇ ಅಕ್ಷರ ಹೆಚ್ಚುಕಡಿಮೆ ಎನ್‌ನಂತೆ ಕಾಣುತ್ತದೆ. ಯು ಮತ್ತು ಎನ್‌ಗೆ ಇರುವ ವ್ಯತ್ಯಾಸ ಮೇಲಿನ ಒಂದು ಕೊಂಕು ಮಾತ್ರ. ಒಂದು ರಾತ್ರಿ ದೊಡ್ಡ ಝೆಡ್ ಅಕ್ಷರವನ್ನು ಸಾಲಾಗಿ ಬರೆಯುತ್ತಿದ್ದೆ. ಸಾಲು ಮುಗಿಸಿ ನೋಡಿದರೆ ಹಾಳೆಯ ತುಂಬ 3, 3, 3! ಓಡಿಹೋಗಿ ಬೈಬಲ್ ತೆರೆದೆ. ಅದು ಮನೆಯ ನಂಬರಲ್ಲ, ಊರಿನ ಮೊದಲ ಅಕ್ಷರ. ಊರು ತ್ಸಿರ್ಕ್‌ವಿಟ್ಸ್.

ಹೆಸರು ಸಿಕ್ಕಿತು ಎಂದರೆ ಊರು ಸಿಕ್ಕಿದಂತಲ್ಲ. 1912–13ರಲ್ಲಿ ಮುದ್ರಣವಾದ ಮೇಯರ್ಸ್ ಸ್ಥಳನಾಮ ಕೋಶ ಈಗ ಅಂತರ್ಜಾಲದಲ್ಲಿದೆ. ಮೊದಲ ಮಹಾಯುದ್ಧಕ್ಕೆ ಮುಂಚಿನ ಜರ್ಮನ್ ಸಾಮ್ರಾಜ್ಯದ ಎರಡು ಲಕ್ಷಕ್ಕೂ ಹೆಚ್ಚು ಊರು, ಕೇರಿ, ಜಮೀನ್ದಾರಿ ಎಸ್ಟೇಟುಗಳು ಅದರಲ್ಲಿವೆ. ಊರು ಯಾವ ಕ್ರೈಸ್‌ಗೆ, ಅಂದರೆ ನಮ್ಮ ತಾಲ್ಲೂಕಿನಂಥ ವಿಭಾಗಕ್ಕೆ ಸೇರಿತ್ತು, ಅಲ್ಲಿ ಚರ್ಚಿತ್ತೇ, ಜನನ ಮರಣ ನೋಂದಣಿ ಎಲ್ಲಿ ಆಗುತ್ತಿತ್ತು ಎಂಬುದನ್ನೂ ಅದು ಹೇಳುತ್ತದೆ. ಮೊದಲ ಅಕ್ಷರದ ಜಾಗದಲ್ಲಿ, ಅಲ್ಲಿ ಏನಿದ್ದರೂ ಸರಿ ಎಂಬ ಅರ್ಥದ ನಕ್ಷತ್ರ ಚಿಹ್ನೆ ಹಾಕಿ ಹುಡುಕಿದೆ. ನನ್ನ ಓದಿನ ಮೇಲೆ ಅಷ್ಟೂ ಭಾರ ಹಾಕುವ ಧೈರ್ಯ ಇನ್ನೂ ಇರಲಿಲ್ಲ. ಪಟ್ಟಿ ಮಾಡಿಕೊಂಡವುಗಳಲ್ಲಿ ಮೂರು ಉಳಿದವು: ಸ್ಯಾಕ್ಸನಿಯ ಬಿರ್ಕ್‌ವಿಟ್ಸ್, ಸೈಲೀಸಿಯಾದ ಟ್ರೆಬ್ನಿಟ್ಸ್ ಕ್ರೈಸ್‌ನ ತ್ಸಿರ್ಕ್‌ವಿಟ್ಸ್, ಪೊಮೆರೇನಿಯಾದ ಗ್ರೈಫೆನ್‌ಬೆರ್ಗ್ ಕ್ರೈಸ್‌ನ ತ್ಸಿರ್ಕ್‌ವಿಟ್ಸ್.

ಮೊದಲನೆಯದನ್ನು ಜನಗಣತಿ ತಳ್ಳಿಹಾಕಿತು. ಮುತ್ತಜ್ಜನ ಹುಟ್ಟಿದ ದೇಶ 1870ರ ಅಮೆರಿಕದ ಗಣತಿಯಲ್ಲಿ ‘ಪ್ರಷ್ಯಾ’ ಎಂದಿದೆ, 1900ರಲ್ಲಿ ‘ಜರ್ಮನಿ’ ಎಂದಿದೆ. ಜರ್ಮನ್ ಸಾಮ್ರಾಜ್ಯ ಹುಟ್ಟಿದ್ದೇ 1871ರಲ್ಲಿ. ಅದಕ್ಕೆ ಮುಂಚೆ ಪ್ರಷ್ಯಾ, ಸ್ಯಾಕ್ಸನಿ ಬೇರೆ ಬೇರೆ ರಾಜ್ಯಗಳು. ಹೀಗಾಗಿ ಹಳೆಯ ಗಣತಿಯನ್ನು ನೋಡದೆ ಮುಂದೆ ಹೋಗಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಆದರೆ ಉಳಿದ ಎರಡು ಊರುಗಳೂ ಪ್ರಷ್ಯಾದಲ್ಲೇ ಇದ್ದವು. ಇಲ್ಲಿ ನಾನು ತಿಂಗಳುಗಟ್ಟಲೆ ಸಿಕ್ಕಿಕೊಂಡೆ. ಪೌರತ್ವದ ಅರ್ಜಿಯೂ ನೆರವಾಗಲಿಲ್ಲ. ‘ಪ್ರಷ್ಯಾದ ದೊರೆಗೆ ಇನ್ನು ನಿಷ್ಠನಲ್ಲ’ ಎಂಬಷ್ಟೇ ಅದರಲ್ಲಿತ್ತು.

ದಾರಿ ತೋರಿಸಿದವರು ನೆರೆಯವರು. ಊರು ಬಿಟ್ಟವರು ಒಬ್ಬೊಬ್ಬರೇ ಬರುವುದು ಕಡಿಮೆ. ಅಣ್ಣತಮ್ಮಂದಿರು, ಬೀಗರು, ಒಂದೇ ಚರ್ಚಿನವರು ಒಟ್ಟಾಗಿ ಬಂದು ಒಂದೇ ಕಡೆ ಜಮೀನು ಹಿಡಿಯುತ್ತಿದ್ದರು. ಮುತ್ತಜ್ಜನ ಮಕ್ಕಳ ದೀಕ್ಷಾಸ್ನಾನಕ್ಕೆ ಸಾಕ್ಷಿಯಾಗಿ ನಿಂತವರ ಹೆಸರುಗಳನ್ನು ಚರ್ಚಿನ ಪುಸ್ತಕದಿಂದ ಬರೆದುಕೊಂಡು, ಅವರೆಲ್ಲರ ನಿಧನ ವಾರ್ತೆಗಳನ್ನು ಹುಡುಕಿದೆ. ಮೂರರಲ್ಲಿ ‘ಗ್ರೈಫೆನ್‌ಬಾರ್ಗ್’ ಎಂದಿತ್ತು. ಆ ಭಾಗದವರ ಮನೆಮಾತು ಪ್ಲಾಟ್, ಅಂದರೆ ಉತ್ತರದ ತಗ್ಗುನಾಡಿನ ಜರ್ಮನ್; ಅದರಲ್ಲಿ ‘ಬೆರ್ಗ್’ ಎಂಬುದು ‘ಬಾರ್ಗ್’ ಆಗುತ್ತದೆ. ತಪ್ಪಾಗಿ ಬರೆದ ಆ ಒಂದು ಸ್ವರವೇ ಪೊಮೆರೇನಿಯಾದ ಕಡೆಗೆ ಕೈತೋರಿಸಿತು.

ಹಾಂಬುರ್ಗ್ ಬಂದರಿನ 1850ರಿಂದ ಈಚಿನ ಪ್ರಯಾಣಿಕರ ಪಟ್ಟಿಗಳು ಉಳಿದಿರುವುದು ನಮ್ಮ ಪುಣ್ಯ. ಬ್ರೇಮೆನ್‌ನ ಪಟ್ಟಿಗಳು ಬಹುಪಾಲು ನಾಶವಾಗಿವೆ. 1867ರ ಪಟ್ಟಿಯಲ್ಲಿ ಕುಟುಂಬ ಸಿಕ್ಕಿತು. ಹಿಂದಿನ ವಾಸಸ್ಥಳ ಟ್ರೆಪ್ಟೋ. ಮತ್ತೆ ಗಾಬರಿ. ಬರ್ಲಿನ್ ಪಕ್ಕದಲ್ಲೊಂದು ಟ್ರೆಪ್ಟೋ, ಟೊಲೆನ್ಸೆ ಹೊಳೆಯ ದಂಡೆಯಲ್ಲಿ ಇನ್ನೊಂದು, ರೇಗಾ ಹೊಳೆಯ ದಂಡೆಯಲ್ಲಿ ಮತ್ತೊಂದು. ಕೊನೆಯದು ಗ್ರೈಫೆನ್‌ಬೆರ್ಗ್ ಕ್ರೈಸ್‌ನದು, ನಮ್ಮ ತ್ಸಿರ್ಕ್‌ವಿಟ್ಸ್‌ಗೆ ಹತ್ತಿರದ ಪಟ್ಟಣ. ಹಳ್ಳಿಯವರು ಪಟ್ಟಣದ ಹೆಸರು ಹೇಳುವುದು ಎಲ್ಲ ಕಡೆಯೂ ಇದ್ದದ್ದೇ. ಪಟ್ಟಿಯ ಊರನ್ನು ಹುಟ್ಟೂರೆಂದು ನಾನು ಹಿಡಿಯಲಿಲ್ಲ. ಕೂಲಿಯವರು ಒಂದು ಎಸ್ಟೇಟಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಇದ್ದರು.

ಕೊನೆಗೆ ಗಟ್ಟಿ ಮಾಡಿದ್ದು ವಿಸ್ಕಾನ್ಸಿನ್‌ನ ಚರ್ಚಿನ ಶವಸಂಸ್ಕಾರದ ಪುಸ್ತಕ. ಬರೆದ ಪಾದ್ರಿ ಜರ್ಮನ್ ಬಲ್ಲವರು. ‘ರೇಗಾ ದಂಡೆಯ ಟ್ರೆಪ್ಟೋ ಬಳಿಯ ತ್ಸಿರ್ಕ್‌ವಿಟ್ಸ್‌ನಲ್ಲಿ ಜನನ’ ಎಂದು ಪೂರ್ತಿ ಬರೆದಿದ್ದರು. ಇದನ್ನು ಮೊದಲೇ ನೋಡಬೇಕಿತ್ತು. ಅಮೆರಿಕದ ಚರ್ಚಿನ ಪುಸ್ತಕಗಳನ್ನು ಮುಗಿಸದೆ ಯುರೋಪಿನ ದಾಖಲೆಗೆ ಕೈಹಾಕಬಾರದು ಎಂಬುದನ್ನು ನಾನು ತಡವಾಗಿ ಕಲಿತೆ.

ಇಂದಿನ ನಕ್ಷೆಯಲ್ಲಿ ತ್ಸಿರ್ಕ್‌ವಿಟ್ಸ್ ಇಲ್ಲ. 1945ರ ನಂತರ ಆ ಸೀಮೆ ಪೋಲೆಂಡಿಗೆ ಸೇರಿತು. ಟ್ರೆಪ್ಟೋ ಟ್ಶೆಬ್ಯಾತುಫ್ ಆಯಿತು, ಗ್ರೈಫೆನ್‌ಬೆರ್ಗ್ ಗ್ರಿಫಿತ್ಸೆ ಆಯಿತು. ಓಡರ್ ನದಿಯ ಪೂರ್ವದ ಊರುಗಳ ಹಳೆಯ, ಹೊಸ ಹೆಸರುಗಳನ್ನು ಜೋಡಿಸಿ ಕೊಡುವ ಕಾರ್ಟೆನ್‌ಮೈಸ್ಟರ್ ಎಂಬ ಜಾಲತಾಣದಲ್ಲಿ ನಮ್ಮ ಊರನ್ನು ಹುಡುಕಿದೆ. ತ್ಸೆರ್ಕ್‌ವಿತ್ಸಾ. ಚರ್ಚು ಎಂಬ ಅರ್ಥದ ಸ್ಲಾವ್ ಪದ ಅದರೊಳಗಿದೆ. ಜರ್ಮನ್ನರ ತ್ಸಿರ್ಕ್‌ವಿಟ್ಸ್ ಕೂಡ ಅದೇ ಪದವನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡದ್ದು. ಅತ್ತೆಯವರಿಗೆ ಎರಡನ್ನೂ ಒಂದರ ಹಿಂದೆ ಒಂದು ಓದಿ ಹೇಳಿದೆ. ಅವರು ಬೈಬಲ್ಲಿನ ಆ ‘3’ರ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದರು. ಆಮೇಲೆ ತಮ್ಮ ತಂದೆಯ ನಕ್ಷೆಗಳಿದ್ದ ಪೆಟ್ಟಿಗೆಯನ್ನು ನನಗೆ ತಂದುಕೊಟ್ಟರು.

ಈಗ ಮುತ್ತಜ್ಜಿಯ ಊರು ಹುಡುಕುತ್ತಿದ್ದೇನೆ. ದಾಖಲೆಯಲ್ಲಿ ಇರುವುದು ‘ಗ್ರಾಂಬೋ’. ಆ ಕಡೆಯ ಇಂಥ ಹೆಸರುಗಳ ಕೊನೆಯಲ್ಲಿ ಡಬ್ಲ್ಯೂ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಆ ಅಕ್ಷರ ಸೇರಿಸಿ ಹುಡುಕಿದಾಗ ಮೆಕ್ಲೆನ್‌ಬುರ್ಗ್‌ನಲ್ಲೂ ಪೊಮೆರೇನಿಯಾದಲ್ಲೂ ಗ್ರಾಂಬೋಗಳು ಸಿಕ್ಕಿವೆ. ಅವರ ಮದುವೆಗೆ ಸಾಕ್ಷಿ ಹಾಕಿದ ಇಬ್ಬರ ಹೆಸರನ್ನು ನಿನ್ನೆ ಬರೆದುಕೊಂಡಿದ್ದೇನೆ.