ಹಡಗು ಹತ್ತಿದ ಕೂಡಲೇ ಮಾಡಬೇಕಾದ ಕೆಲಸ

ಡೊಂಬಿವಲಿಯಿಂದ ಅಮ್ಮನನ್ನು ಕರ್ಕೊಂಡು ಮುಂಬೈ–ಗೋವಾ ಕ್ರೂಸ್ ಹತ್ತಿದಾಗ ನಾನು ಮೊದಲು ಹುಡುಕಿದ್ದು ಮಸ್ಟರ್ ಸ್ಟೇಷನ್. ಅಪಾಯ ಬಂದರೆ ಎಲ್ಲರೂ ಸೇರಬೇಕಾದ ಜಾಗ ಅದು. ನೀವೂ ಊಟ, ಫೋಟೊ ಆಮೇಲೆ ಇಟ್ಕೊಳ್ಳಿ.

ಮುಂಚೆ ಜನ ಹತ್ತಿದ 24 ಗಂಟೆಯೊಳಗೆ ಡ್ರಿಲ್, ಅಂದರೆ ಅಪಾಯ ಬಂದಾಗ ಏನು ಮಾಡಬೇಕು ಅನ್ನೋ ಅಭ್ಯಾಸ, ಮಾಡಿದರೆ ಸಾಕಿತ್ತು. 2012ರ ಜನವರಿ 13ರಂದು ಇಟಲಿಯ ಜಿಲ್ಯೋ ದ್ವೀಪದ ಹತ್ತಿರ ಕೋಸ್ಟಾ ಕಾಂಕೋರ್ಡಿಯಾ ಅನ್ನೋ ಕ್ರೂಸ್ ಹಡಗು ಬಂಡೆಗೆ ಬಡಿಯಿತು. 32 ಜನ ಸತ್ತರು. ಅವತ್ತೇ ಹತ್ತಿದ ನೂರಾರು ಜನರಿಗೆ ಡ್ರಿಲ್ಲೇ ಆಗಿರಲಿಲ್ಲ. ಎಷ್ಟು ಸಂಕಟದ ಮಾತು ಅಲ್ವಾ? 2015ರಿಂದ ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು.

ಕೋವಿಡ್ ನಂತರ ಹಲವು ಹಡಗುಗಳಲ್ಲಿ ಡೆಕ್ ಮೇಲೆ ಗುಂಪಾಗಿ ನಿಲ್ಲುವುದಿಲ್ಲ. ಫೋನ್ ಅಥವಾ ಟಿವಿಯಲ್ಲಿ ವಿಡಿಯೊ ನೋಡಿ, ಸ್ಟೇಷನ್‌ಗೆ ಹೋಗಿ ಹಾಜರಿ ಹಾಕಿಸಬೇಕು. ನೂಕುನುಗ್ಗಲಿಲ್ಲ, ಒಳ್ಳೆಯದೇ. ಆದರೆ ವಿಡಿಯೊವನ್ನು ಸುಮ್ನೆ ಓಡಿಸಬೇಡಿ. ಅಮ್ಮನಿಗೆ ಇಂಗ್ಲಿಷ್ ಬರಲ್ಲ. ನಾನು ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಿದೆ. ಏಳು ಚಿಕ್ಕ ಸೀಟಿ, ಕೊನೆಗೊಂದು ಉದ್ದ ಸೀಟಿ ಬಂದರೆ ಎದ್ದು ಹೊರಡಬೇಕು ಅಂತ ಬಾಯಲ್ಲೇ ಊದಿ ತೋರಿಸಿದೆ.

ಲೈಫ್ ಜಾಕೆಟ್ ಒಮ್ಮೆ ಹಾಕಿ ನೋಡಿ. ಅಮ್ಮನ ಸೆರಗು ಬಕಲ್‌ನಲ್ಲಿ ಸಿಕ್ಕಿಕೊಂಡಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಹಾಕಿದೆವು, ಸರಿಯಾಯಿತು. ಭುಜದ ಹತ್ತಿರ ಸೀಟಿ, ದೀಪ ಎಲ್ಲಿದೆ ಅಂತ ಕೈಯಲ್ಲೇ ಮುಟ್ಟಿಸಿ.

ಆಮೇಲೆ ಕ್ಯಾಬಿನ್‌ನಿಂದ ಸ್ಟೇಷನ್‌ವರೆಗೆ ಮೆಟ್ಟಿಲಲ್ಲೇ ನಡೆಯಿರಿ, ತುರ್ತು ಹೊತ್ತಲ್ಲಿ ಲಿಫ್ಟ್ ಬಳಸುವಂತಿಲ್ಲ. ಮಂಡಿನೋವು ಇರುವವರ ಬಗ್ಗೆ ಸಿಬ್ಬಂದಿಗೆ ಆಗಲೇ ಹೇಳಿಡಿ.