ಗಳಗಂಡಕ್ಕೆ ಟೋಟಲ್: ಹಳ್ಳಿಯಲ್ಲೂ ಆಗುತ್ತದೆ

ಎರಡೂ ಕಡೆ ಗಂಟುಗಳಿರುವ ಗಳಗಂಡಕ್ಕೆ ನಾನೀಗ ಟೋಟಲ್ (ಕತ್ತಿನ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆಯುವ ಆಪರೇಷನ್) ಬಿಟ್ಟು ಬೇರೇನೂ ಮಾಡುವುದಿಲ್ಲ. ಶುರು ಮಾಡಿದಾಗ ಹಿರಿಯ ಸರ್ಜನ್‌ಗಳು ಚೆನ್ನಾಗಿ ಬೈದಿದ್ದರು. ಮಲೆನಾಡಿನ ತೋಟದ ಕೂಲಿ ಹೆಂಗಸು ಜೀವನಪೂರ್ತಿ ಗ್ರಂಥಿಯ ಬದಲಿಗೆ ಥೈರಾಕ್ಸಿನ್ ಹಾರ್ಮೋನ್ ಮಾತ್ರೆ ನುಂಗ್ತಾಳಾ, ಒಂದು ತುಂಡು ಬಿಟ್ಟು ಹೊಲಿ ಅನ್ನುವುದು ಅವರ ವಾದ. 1883ರಲ್ಲಿ ಸ್ವಿಸ್ ಸರ್ಜನ್ ಕೋಚರ್ ಕೂಡ ಪೂರ್ತಿ ತೆಗೆದ ರೋಗಿಗಳು ಮಂಕಾಗಿದ್ದನ್ನು ಕಂಡು ಹಿಂದೆ ಸರಿದಿದ್ದ. ಆದರೆ ಆಗ ಮಾತ್ರೆಯೇ ಇರಲಿಲ್ಲ, ಅಲ್ವಾ?

ತುಂಡು ಬಿಟ್ಟರೆ ಏನಾಗುತ್ತದೆ ಅಂತ ರೀಡೂ (ಅದೇ ಜಾಗದಲ್ಲಿ ಎರಡನೇ ಸಲ ಆಪರೇಷನ್) ಮಾಡಿದವರಿಗೆ ಗೊತ್ತು. ಹತ್ತು ಹದಿನೈದು ವರ್ಷಕ್ಕೆ ಅದೇ ಜಾಗದಲ್ಲಿ ಮತ್ತೆ ಗಡ್ಡೆ. ಒಳಗೆ ಎಲ್ಲ ಅಂಟಿಕೊಂಡು ಕೂತಿರುತ್ತದೆ. ದನಿಯ ನರ ಯಾವುದು, ಹಳೇ ಗಾಯ ಯಾವುದು ತಿಳಿಯುವುದಿಲ್ಲ. ಅಂಥ ಒಂದು ಕೇಸ್ ನಾಲ್ಕು ಗಂಟೆ ತಿಂದಿತ್ತು. ಉಪ್ಪು ಬದಲಿಸಿದರೆ ಕರಗುತ್ತಾ ಅಂತ ಈಗಲೂ ಕೇಳುತ್ತಾರೆ. ಗಂಟು ಕಟ್ಟಿದ ಹಳೇ ಗಡ್ಡೆ ಯಾವ ಅಯೋಡಿನ್ ಉಪ್ಪಿಗೂ ಕರಗಲ್ಲ.

ನಮ್ಮಲ್ಲಿ ಹಾರ್ಮೋನಿಕ್ (ಅಲ್ಟ್ರಾಸೌಂಡ್ ಕಂಪನದಿಂದ ರಕ್ತನಾಳ ಮುಚ್ಚಿ ಕತ್ತರಿಸುವ ಉಪಕರಣ) ಇಲ್ಲ. ಅದರ ಹ್ಯಾಂಡ್‌ಪೀಸಿನ ದುಡ್ಡಿನಲ್ಲಿ ನಮ್ಮ ಇಡೀ ಆಪರೇಷನ್ ಮುಗಿಯುತ್ತದೆ. ನರ ಎಲ್ಲಿದೆ ಅಂತ ತಿಳಿಸುವ ನರ್ವ್ ಮಾನಿಟರ್ ಲಕ್ಷಗಟ್ಟಲೆ, ಅದೂ ಇಲ್ಲ. ರಕ್ತನಾಳ ಸುಡುವ ಬೈಪೋಲಾರ್ ಚಿಮಟ, 3-0 ವಿಕ್ರಿಲ್ ದಾರ, ತಾಳ್ಮೆ, ಇಷ್ಟೇ. ಗಾಯದ ರಕ್ತ ಹೊರಗೆ ಹರಿಸುವ ಡ್ರೇನ್ ನಳಿಗೆ ಹಾಕುವುದನ್ನೂ ಬಿಟ್ಟೆ. ರಕ್ತ ಕಟ್ಟಿ ಉಸಿರು ಸಿಕ್ಕಿಕೊಂಡರೆ ಡ್ರೇನ್ ಕಾಪಾಡುವುದಿಲ್ಲ, ಹಾಸಿಗೆ ಪಕ್ಕದಲ್ಲಿಟ್ಟ ಹೊಲಿಗೆ ಬಿಚ್ಚುವ ಟ್ರೇ ಕಾಪಾಡುತ್ತದೆ. ಮೇಲಿನ ತುದಿಯ ರಕ್ತನಾಳ ಕಟ್ಟುವಾಗ ನಾನು ಕೈ ತಿರುಗಿಸುವ ಒಂದು ರೀತಿ ಇದೆ. ಅದನ್ನು ಬರೆಯಲ್ಲ, ಥಿಯೇಟರಿಗೆ ಬಂದರೆ ತೋರಿಸುತ್ತೇನೆ.

ಯಕ್ಷಗಾನದ ಭಾಗವತರೊಬ್ಬರು ಏರು ಶ್ರುತಿ ಹೋದೀತು ಅಂತ ಹೆದರಿ ವರ್ಷಗಟ್ಟಲೆ ಮುಂದೂಡಿದ್ದರು. ಅವರ ಪದ್ಯವನ್ನು ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಮೂರು ತಿಂಗಳಿಗೆ ಮೇಳಕ್ಕೆ ವಾಪಸ್! ಅಲ್ಲಿಂದ ಅದೇ ಚಟವಾಯ್ತು, ಈಗ ಎಲ್ಲರಿಂದಲೂ ಒಂದು ಉದ್ದನೆಯ 'ಆ' ಎಳೆಸಿ ಇಟ್ಟುಕೊಳ್ಳುತ್ತೇನೆ. ಇನ್ನೂರರ ಆಸುಪಾಸು ಕೇಸಿನಲ್ಲಿ ದನಿ ಶಾಶ್ವತವಾಗಿ ಒಡೆದದ್ದು ಇಬ್ಬರಿಗೋ ಮೂವರಿಗೋ ಇರಬೇಕು. ಥೈರಾಯ್ಡಿಗೆ ಅಂಟಿಕೊಂಡ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾಗಿ ರಕ್ತದ ಕ್ಯಾಲ್ಸಿಯಂ ಇಳಿದು ತುಟಿ, ಬೆರಳು ಜುಮ್ಮೆನ್ನುವುದು ಜಾಸ್ತಿ, ಐವರಲ್ಲಿ ಒಬ್ಬರಿಗಾದರೂ. ಮೊದಲೆಲ್ಲ ಎರಡನೇ ರಾತ್ರಿ ಕ್ಯಾಲ್ಸಿಯಂ ಗ್ಲುಕೋನೇಟ್ ಇಂಜೆಕ್ಷನ್ ಹಿಡಿದು ಓಡಬೇಕಿತ್ತು. ಈಗ ಆಪರೇಷನ್ ದಿನ ಸಂಜೆಯೇ ಕ್ಯಾಲ್ಸಿಯಂ, ಅದನ್ನು ಹೀರಿಸುವ ಕ್ಯಾಲ್ಸಿಟ್ರಿಯಾಲ್ (ವಿಟಮಿನ್ ಡಿಯ ಒಂದು ರೂಪ) ಶುರು.

ನಿಜವಾದ ಕಷ್ಟ ಇರುವುದು ಥೈರಾಕ್ಸಿನ್ ಮಾತ್ರೆಯಲ್ಲಿ. ದಿನಕ್ಕೆ ಒಂದೂವರೆ ಎರಡು ರೂಪಾಯಿ ಅಷ್ಟೇ, ಆದರೂ ಆರಾಮಾದ ಮೇಲೆ ನಿಲ್ಲಿಸಿಬಿಡುತ್ತಾರೆ. ವರ್ಷದ ನಂತರ ಮುಖ ಊದಿ, ದನಿ ದಪ್ಪವಾಗಿ ಬರುತ್ತಾರೆ. ಅದಕ್ಕೇ ಈಗ ಆಪರೇಷನ್ ಡೇಟ್ ಕೊಡುವ ಮುಂಚೆ ಒಂದು ತಿಂಗಳು ಬರೀ ವಿಟಮಿನ್ ಮಾತ್ರೆ ಕೊಡುತ್ತೇನೆ, ದಿನಕ್ಕೊಂದು. ಖಾಲಿ ಡಬ್ಬಿ ತಂದರೆ ಡೇಟ್. ಜಗಳ ಮಾಡಿದವರೂ ಇದ್ದಾರೆ, ನಾನು ಜಗ್ಗಿಲ್ಲ.

ಆಮೇಲೆ ಅಡ್ಡ ಬಂದದ್ದು ಕಾಫಿ, ಅದು ಮಾತ್ರೆಯನ್ನು ಮೈಗೆ ಸರಿಯಾಗಿ ಹತ್ತಲು ಬಿಡುವುದಿಲ್ಲ. ಮಾತ್ರೆ ನುಂಗಿ ಅರ್ಧ ಮುಕ್ಕಾಲು ಗಂಟೆ ಕಾಫಿ ಬೇಡ ಅಂದರೆ ಚಿಕ್ಕಮಗಳೂರು ಸೀಮೆಯಲ್ಲಿ ಯಾರು ಕೇಳುತ್ತಾರೆ! ಡೋಸ್ ಏರಿಸಿದರೂ, ಥೈರಾಕ್ಸಿನ್ ಸಾಲದಿದ್ದರೆ ರಕ್ತದಲ್ಲಿ ಏರುವ ಹಾರ್ಮೋನಾದ ಟಿಎಸ್‌ಎಚ್ ಇಳಿಯದೆ ತಲೆಕೆಟ್ಟಿತ್ತು. ಮಾತ್ರೆಯನ್ನು ಮಲಗುವ ಹೊತ್ತಿಗೆ ಬದಲಿಸಿದೆ, ಊಟವಾಗಿ ಮೂರು ಗಂಟೆ ಬಿಟ್ಟು. ಕ್ಯಾಲ್ಸಿಯಂ ಕೂಡ ಮಾತ್ರೆಗೆ ಅಡ್ಡ ಬರುತ್ತದೆ, ಹಾಗಾಗಿ ಅದು ಬೆಳಗ್ಗೆ, ಮಧ್ಯಾಹ್ನದ ಊಟದ ಜೊತೆ. ಟಿಎಸ್‌ಎಚ್ ಇಳಿಯಿತು.

ಅದಕ್ಕೂ ಬಗ್ಗದ ಕೆಲವರಿಗೆ ವಾರದ ಏಳು ಮಾತ್ರೆಯನ್ನು ಸಂತೆ ದಿನ ಒಟ್ಟಿಗೆ, ಎದುರಿಗೇ ನುಂಗಿಸಿದೆ. ನಲವತ್ತು ದಾಟಿದ್ದ ಟಿಎಸ್‌ಎಚ್ ಐದಾರಕ್ಕೆ ಬಂತು. ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ ಇದು ಬೇಡವೇ ಬೇಡ. ಉಳಿದವರಿಗೂ ಮೊದಲು ಇಸಿಜಿ.

ಟಿಎಸ್‌ಎಚ್‌ಗೆ ಅಂತ ಪೇಟೆಗೆ ಹೋದರೆ ಪರೀಕ್ಷೆಯ ದುಡ್ಡಿನ ಮೇಲೆ ಒಂದು ದಿನದ ಕೂಲಿಯೂ ಹೋಗುತ್ತದೆ. ಹಾಗಾಗಿ ಡೋಸ್ ಕೂತವರನ್ನೆಲ್ಲ ವರ್ಷಕ್ಕೊಮ್ಮೆ, ಕಾಫಿ ಕೊಯ್ಲು ಮುಗಿದ ಮೇಲೆ ಒಂದೇ ದಿನ ಕರೆಸುತ್ತೇವೆ. ಸ್ಯಾಂಪಲ್ ಒಟ್ಟಿಗೆ ಹೋದರೆ ಲ್ಯಾಬಿನವರು ಅರ್ಧ ರೇಟಿಗೆ ಮಾಡಿಕೊಡುತ್ತಾರೆ.