ಬಿಡುವಿಲ್ಲದ ಉದ್ಯಮಿ ಕಲಿಕೆಗೆ ಸಮಯ ಮಾಡಿಕೊಳ್ಳುವ ಬಗೆ

ಸ್ವಂತ ಉದ್ಯಮ ನಡೆಸುವವರಲ್ಲಿ ಹೆಚ್ಚಿನವರು ವ್ಯವಹಾರದ ಬಗ್ಗೆ ಓದಿ ತಿಳಿಯಲು ದಿನದ ಕೊನೆಯ ಅರ್ಧ ಗಂಟೆಯನ್ನು ಇಟ್ಟುಕೊಳ್ಳಲು ನೋಡುತ್ತಾರೆ. ಆ ಹೊತ್ತಿಗೆ ಮೈ ದಣಿದಿರುತ್ತದೆ. ನಾಳೆ ಬರಬೇಕಾದ ಸರಕು, ಇಂದು ಬಾರದೇ ಹೋದ ಬಾಕಿ ಹಣ, ರಜೆ ಕೇಳಿರುವ ನೌಕರನ ಜಾಗಕ್ಕೆ ಯಾರೆಂಬ ಚಿಂತೆ, ಇವೆಲ್ಲ ತಲೆಯಲ್ಲಿ ಕುಳಿತಿರುತ್ತವೆ. ಎರಡು ಪುಟ ಓದುವಷ್ಟರಲ್ಲಿ ನಿದ್ದೆ ಬರುತ್ತದೆ, ಎರಡು ವಾರದಲ್ಲಿ ಸಂಕಲ್ಪವೇ ಬಿದ್ದುಹೋಗುತ್ತದೆ. ಮಿಕ್ಕ ಸಮಯದಲ್ಲಿ ಕಲಿಯಲು ಹೊರಟವರಿಗೆ ಸಮಯ ಮಿಗುವುದೇ ಇಲ್ಲ. ಆದ್ದರಿಂದ ಮೊದಲು ಒಂದು ಕೆಲಸವನ್ನು ಕೈಯಿಂದ ಇಳಿಸಿ, ಹಾಗೆ ತೆರವಾದ ಗಂಟೆಗಳಲ್ಲಿ ಕಲಿತು, ಕಲಿತದ್ದರ ಬಲದಿಂದ ಇನ್ನಷ್ಟು ಗಂಟೆಗಳನ್ನು ಬಿಡಿಸಿಕೊಳ್ಳುವುದೇ ಸರಿಯಾದ ಕ್ರಮವೆಂದು ನಾನು ನಂಬಿದ್ದೇನೆ.

ವಾರಕ್ಕೆ ಎಲ್ಲರಿಗೂ ಇರುವುದು 168 ಗಂಟೆ. ಒಂದು ಸಾಮಾನ್ಯ ವಾರವನ್ನು ಆರಿಸಿಕೊಂಡು, ಪ್ರತಿ ಅರ್ಧ ಗಂಟೆಯಲ್ಲಿ ಏನು ಮಾಡಿದಿರೆಂಬುದನ್ನು ಆಗಿಂದಾಗ್ಗೆ ಬರೆದಿಡಿ. ಸಂಜೆ ನೆನಪಿಸಿಕೊಂಡು ಬರೆದರೆ ಫೋನ್ ಕರೆಗಳೂ ಅಡ್ಡಿಗಳೂ ಲೆಕ್ಕಕ್ಕೆ ಸಿಗುವುದಿಲ್ಲ. ವಾರದ ಕೊನೆಗೆ ಪ್ರತಿ ಸಾಲಿನ ಮುಂದೆ ಒಂದು ಗುರುತು ಹಾಕಿ: ನೀವೇ ಮಾಡಬೇಕಾದದ್ದಕ್ಕೆ ಒಂದು, ಹೇಳಿಕೊಟ್ಟರೆ ಬೇರೆಯವರು ಮಾಡಬಹುದಾದದ್ದಕ್ಕೆ ಎರಡು, ಯಾರೂ ಮಾಡದಿದ್ದರೂ ನಡೆಯುವಂಥದ್ದಕ್ಕೆ ಮೂರು. ಮೂರನೆಯದನ್ನು ನಿಲ್ಲಿಸಿಬಿಡಿ. ನಿಮ್ಮ ಕಲಿಕೆಯ ಸಮಯ ಅಡಗಿರುವುದು ಎರಡನೆಯದರಲ್ಲಿ.

ದಿನಕ್ಕೆ 20 ನಿಮಿಷ ಹಿಡಿಯುವ ಒಂದು ಕೆಲಸವನ್ನು ತೆಗೆದುಕೊಳ್ಳೋಣ, ಉದಾಹರಣೆಗೆ ಬಿಲ್ಲುಗಳನ್ನು ದಾಖಲಿಸುವುದು. ವಾರಕ್ಕೆ ಆರು ದಿನವೆಂದರೆ ಎರಡು ಗಂಟೆ, ವರ್ಷಕ್ಕೆ ಸುಮಾರು 100 ಗಂಟೆ. ಅದನ್ನು ಒಬ್ಬ ನೌಕರರಿಗೆ ಕಲಿಸಲು ಐದು ಗಂಟೆ ಹಿಡಿದರೂ, ಅವರು ಅದನ್ನು ಸ್ವತಂತ್ರವಾಗಿ ಮಾಡತೊಡಗಿದ ಮೂರನೆಯ ವಾರದಲ್ಲಿ ಆ ಐದು ಗಂಟೆ ನಿಮಗೆ ಮರಳಿರುತ್ತದೆ. ಬಾಯಿಮಾತಿನಲ್ಲಿ ಹೇಳಿಕೊಟ್ಟ ಕೆಲಸ ನಾಲ್ಕು ದಿನದಲ್ಲಿ ನಿಮ್ಮ ಮೇಜಿಗೇ ವಾಪಸು ಬರುತ್ತದೆಯಾದ್ದರಿಂದ, ನೀವು ಆ ಕೆಲಸ ಮಾಡುತ್ತಿರುವಾಗಲೇ ಒಂದೊಂದು ಹೆಜ್ಜೆಯನ್ನೂ ಬರೆದಿಟ್ಟು, ಆ ಬರಹವನ್ನು ಮಾತ್ರ ನೋಡಿಕೊಂಡು ಮಾಡಲು ನೌಕರರಿಗೆ ಹೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಬೇಕಾದದ್ದು ನಿಮ್ಮ ಬರಹವನ್ನು. ಕೆಲಸದ ಜೊತೆಗೆ ತೀರ್ಮಾನದ ಅಧಿಕಾರವನ್ನೂ ಒಪ್ಪಿಸಬೇಕು. ಎಷ್ಟರವರೆಗಿನ ರಿಯಾಯಿತಿಯನ್ನು, ಎಂಥ ದೂರನ್ನು ಅವರೇ ಇತ್ಯರ್ಥ ಮಾಡಬಹುದೆಂಬ ಮಿತಿ ಸ್ಪಷ್ಟವಾಗಿರದಿದ್ದರೆ, ಕೆಲಸ ಕೈಬಿಟ್ಟರೂ ಪ್ರಶ್ನೆಗಳು ಕೈಬಿಡುವುದಿಲ್ಲ. ಇದು ಅನೇಕ ಮಾಲೀಕರಿಗೆ ಕಷ್ಟದ ಹೆಜ್ಜೆ, ಏಕೆಂದರೆ ತಾವು ಮಾಡಿದಷ್ಟು ಅಚ್ಚುಕಟ್ಟಾಗಿ ಇನ್ನೊಬ್ಬರು ಮಾಡುವುದಿಲ್ಲವೆಂಬ ಅಳುಕು ಅವರಿಗಿರುತ್ತದೆ. ಮೊದಲ ತಿಂಗಳ ಮಟ್ಟಿಗೆ ಆ ಅಳುಕು ನಿಜವೂ ಹೌದು, ಅದನ್ನು ಸಹಿಸಿಕೊಳ್ಳಬೇಕು.

ತೆರವಾದ ಗಂಟೆಗಳನ್ನು ಹಾಗೆಯೇ ಬಿಟ್ಟರೆ ಬೇರೆ ಕೆಲಸ ಬಂದು ತುಂಬಿಕೊಳ್ಳುತ್ತದೆ. ಕೆಲಸವು ತನಗೆ ದೊರೆತ ಸಮಯವನ್ನೆಲ್ಲ ಆಕ್ರಮಿಸುವಷ್ಟು ಹಿಗ್ಗುತ್ತದೆ ಎಂದು ಬ್ರಿಟನ್ನಿನ ಇತಿಹಾಸಕಾರ ಸಿರಿಲ್ ನಾರ್ತ್‌ಕೋಟ್ ಪಾರ್ಕಿನ್ಸನ್ 1955ರಲ್ಲಿ ಬರೆದದ್ದು ಇಂದಿಗೂ ಪ್ರಸಿದ್ಧವಾಗಿದೆ. ಹಾಗಾಗಿ ಕಲಿಕೆಗೆಂದು ವಾರದಲ್ಲಿ ಎರಡು ಬಾರಿ, ತಲಾ 45 ನಿಮಿಷಗಳನ್ನು, ಬೆಳಿಗ್ಗೆ ಕೆಲಸ ಶುರುವಾಗುವ ಮುನ್ನ, ಗ್ರಾಹಕರ ಭೇಟಿಯಷ್ಟೇ ಖಚಿತವಾಗಿ ದಿನಚರಿಯಲ್ಲಿ ಬರೆದಿಡಿ. ಮುಗಿಯದ ಕೆಲಸವನ್ನು ಬಿಟ್ಟು ಇನ್ನೊಂದಕ್ಕೆ ಕೈಹಾಕಿದಾಗ ಗಮನದ ಒಂದು ಪಾಲು ಹಿಂದಿನದರಲ್ಲಿಯೇ ಉಳಿಯುತ್ತದೆ ಎಂಬುದನ್ನು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಕುಳಿತುಕೊಳ್ಳುವ ಮುನ್ನ ಬಾಕಿ ಉಳಿದ ಕೆಲಸಗಳನ್ನೂ ಅವುಗಳ ಮುಂದಿನ ಹೆಜ್ಜೆಯನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟರೆ ಮನಸ್ಸು ಹಗುರವಾಗುತ್ತದೆ. ಫೋನ್ ಬೇರೆ ಕೋಣೆಯಲ್ಲಿರಲಿ.

ಏನನ್ನು ಕಲಿಯಬೇಕು ಎಂಬುದನ್ನು ನಿಮ್ಮ ಉದ್ಯಮವೇ ಹೇಳಬೇಕು. ‘ಮಾರ್ಕೆಟಿಂಗ್ ಕಲಿಯುತ್ತೇನೆ’ ಎಂದು ಹೊರಟರೆ ಅದಕ್ಕೆ ದಡವಿಲ್ಲ. ‘ಮಾರಾಟ ಚೆನ್ನಾಗಿದ್ದರೂ ತಿಂಗಳ ಕೊನೆಗೆ ಬ್ಯಾಂಕಿನಲ್ಲಿ ಹಣ ಏಕಿರುವುದಿಲ್ಲ?’ ಎಂಬ ಪ್ರಶ್ನೆಗೆ ದಡವಿದೆ. ಇದೇ ಪ್ರಶ್ನೆಯನ್ನು ಬೆನ್ನಟ್ಟಿದವರಿಗೆ ನಗದು ಚಕ್ರದ, ಎಂದರೆ ಸರಕಿಗೆ ಕೊಟ್ಟ ಹಣ ಮತ್ತೆ ಕೈಸೇರಲು ಹಿಡಿಯುವ ದಿನಗಳ, ಲೆಕ್ಕ ಸಿಗುತ್ತದೆ. ಸರಕು ನಿಮ್ಮಲ್ಲಿ ಸರಾಸರಿ 40 ದಿನ ಇದ್ದು, ಮಾರಿದ ಮೇಲೆ ಹಣ ಬರಲು 45 ದಿನ ಹಿಡಿದು, ಪೂರೈಕೆದಾರರಿಗೆ ನೀವು 30 ದಿನಗಳಲ್ಲಿ ಪಾವತಿಸುವುದಾದರೆ, 40ಕ್ಕೆ 45 ಕೂಡಿಸಿ 30 ಕಳೆದಾಗ 55 ದಿನ ಉಳಿಯುತ್ತದೆ. ಅಷ್ಟು ದಿನ ನಿಮ್ಮ ಹಣ ವ್ಯವಹಾರದೊಳಗೇ ಸಿಕ್ಕಿಕೊಂಡಿರುತ್ತದೆ, ಮತ್ತು ಮಾರಾಟ ಬೆಳೆದಷ್ಟೂ ಹಾಗೆ ಸಿಕ್ಕಿಕೊಳ್ಳುವ ಮೊತ್ತವೂ ಬೆಳೆಯುತ್ತದೆ. ಲಾಭದಲ್ಲಿರುವ ಉದ್ಯಮವೂ ಬೆಳೆಯುವ ಭರದಲ್ಲಿ ಹಣವಿಲ್ಲದೆ ಮುಗ್ಗರಿಸಲು ಇದೊಂದು ಮುಖ್ಯ ಕಾರಣ. ಇಷ್ಟನ್ನು ಅರ್ಥಮಾಡಿಕೊಳ್ಳಲು ಒಂದೆರಡು ಬೆಳಗು ಸಾಕು. ಬಾಕಿ ವಸೂಲಿಯನ್ನು 45ರಿಂದ 35 ದಿನಕ್ಕೆ ಇಳಿಸಲು ಒಂದೆರಡು ತಿಂಗಳು ಬೇಕಾಗಬಹುದು. ಕಲಿಕೆಯ ಬೆಲೆ ಇರುವುದು ಆ ಎರಡನೆಯ ಭಾಗದಲ್ಲಿ.

ಸಮಯ ಕಡಿಮೆ ಇರುವವರು ಬೇಗ ಹಳತಾಗದ ವಿಷಯಗಳನ್ನು ಮೊದಲು ಕಲಿಯಲಿ ಎಂಬುದು ನನ್ನ ಸಲಹೆ. ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ 1494ರಲ್ಲಿ ವೆನಿಸ್‌ನಲ್ಲಿ ಮುದ್ರಿತವಾದ ತಮ್ಮ ಪುಸ್ತಕದಲ್ಲಿ ವಿವರಿಸಿದ, ಪ್ರತಿ ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ಬರೆಯುವ ಜೋಡಿ ನಮೂದಿನ ಲೆಕ್ಕಪದ್ಧತಿಯ ತಿರುಳು ಇಂದಿನ ಲೆಕ್ಕಪತ್ರದ ತಂತ್ರಾಂಶಗಳ ಒಳಗೂ ಅದೇ ಆಗಿದೆ. ಲೆಕ್ಕಪತ್ರ ಓದುವುದು, ಬೆಲೆ ನಿಗದಿ, ಜನರನ್ನು ಆರಿಸಿ ಬೆಳೆಸುವುದು, ಮಾತುಕತೆಯಲ್ಲಿ ಒಪ್ಪಂದ ಕುದುರಿಸುವುದು, ಇವುಗಳಿಗೆ ಕೊಟ್ಟ ಸಮಯ ವರ್ಷಗಟ್ಟಲೆ ಫಲ ಕೊಡುತ್ತದೆ. ಸಾಮಾಜಿಕ ಜಾಲತಾಣಗಳಲ್ಲಿ ಜಾಹೀರಾತು ನೀಡುವ ಸೂಕ್ಷ್ಮಗಳು ಆಗಾಗ ಬದಲಾಗುವುದರಿಂದ, ಅವನ್ನು ಬಲ್ಲವರಿಗೆ ಒಪ್ಪಿಸುವುದೇ ಅನೇಕರಿಗೆ ಅಗ್ಗವಾದೀತು.

ಓದಿದ್ದು ನಿಲ್ಲಬೇಕಾದರೆ ಪ್ರತಿ ಬೈಠಕ್ಕಿನ ಕೊನೆಯ ಹತ್ತು ನಿಮಿಷ ಪುಸ್ತಕ ಮುಚ್ಚಿ, ನೆನಪಿನಿಂದ ಬರೆಯಿರಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮತ್ತೆ ಮತ್ತೆ ಓದಿದವರಿಗಿಂತ ಓದಿದ್ದನ್ನು ನೆನಪಿಸಿಕೊಂಡು ಬರೆದವರು ಒಂದು ವಾರದ ನಂತರ ಹೆಚ್ಚು ಉಳಿಸಿಕೊಂಡಿದ್ದರು. ಬರೆದದ್ದರ ಕೆಳಗೆ ಈ ವಾರ ಮಾಡುವ ಒಂದೇ ಒಂದು ಬದಲಾವಣೆಯನ್ನು, ಯಾವ ದಿನ, ಯಾರಿಂದ ಎಂಬುದರ ಸಹಿತ ನಮೂದಿಸಿ. ಪ್ರಯಾಣದಲ್ಲಿ ಆಡಿಯೋ ಕೇಳುವುದು ಹೊಸ ವಿಚಾರಗಳ ಪರಿಚಯಕ್ಕೆ ಒಳ್ಳೆಯದು. ಲೆಕ್ಕದ ವಿಷಯಗಳಿಗೆ ಮಾತ್ರ ಕೈಯಲ್ಲಿ ಪೆನ್ಸಿಲ್ ಬೇಕು.

ಹಣ ಕೊಟ್ಟು ಕೋರ್ಸ್ ಸೇರುವ ಮುನ್ನ ಒಂದು ಪರೀಕ್ಷೆ ಮಾಡಿಕೊಳ್ಳಿ. ವಾರಕ್ಕೆ ಐದು ಗಂಟೆ ಬೇಕೆಂದು ಅವರು ಹೇಳಿದ್ದರೆ, ಮೂರು ವಾರ ಆ ಐದು ಗಂಟೆಗಳನ್ನು ಉಚಿತವಾಗಿ ಸಿಗುವ ಪಾಠಗಳಿಗೆ ಕೊಟ್ಟು ನೋಡಿ. ಅದು ಸಾಧ್ಯವಾಗದಿದ್ದರೆ ಶುಲ್ಕ ಕಟ್ಟಿದ ಮೇಲೂ ಸಾಧ್ಯವಾಗುವುದು ಅಪರೂಪ. ಕೆಲಸದ ಒತ್ತಡ ಏರುವ ತಿಂಗಳುಗಳಲ್ಲಿ ಬೈಠಕ್ಕನ್ನು 15 ನಿಮಿಷಕ್ಕೆ ಇಳಿಸಿ, ಆದರೆ ಅದೇ ದಿನ, ಅದೇ ಹೊತ್ತಿನಲ್ಲಿ ಕುಳಿತುಕೊಳ್ಳಿ. ನಿಮಗೆ ಪೈಪೋಟಿಯಲ್ಲದ ಉದ್ಯಮದ ಇನ್ನೊಬ್ಬ ಮಾಲೀಕರು ಸಿಕ್ಕರೆ ತಿಂಗಳಿಗೊಮ್ಮೆ ಭೇಟಿಯಾಗಿ, ಹಿಂದಿನ ತಿಂಗಳು ಒಪ್ಪಿಕೊಂಡ ಬದಲಾವಣೆ ಏನಾಯಿತೆಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಿ.

ಮೂರು ತಿಂಗಳಾದ ಮೇಲೆ ಮತ್ತೆ ಒಂದು ವಾರದ ಸಮಯವನ್ನು ಮೊದಲಿನಂತೆಯೇ ಬರೆದು, ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ತೆರವಾಗಿದ್ದ ಗಂಟೆಗಳನ್ನು ಹೊಸ ಕೆಲಸವೊಂದು ನುಂಗಿದ್ದರೆ ಅದು ಯಾವುದೆಂದು ಅಲ್ಲಿಯೇ ಕಾಣುತ್ತದೆ. ಮುಂದೆ ಬರೆದಿಟ್ಟು ಕಲಿಸಿಕೊಡಬೇಕಾದ ಕೆಲಸ ಅದೇ.